ಗದ್ದೆಯಲ್ಲಿ ಗೆಳೆಯ, ಕೆರೆಯಲ್ಲಿ ಹಗೆ: ನೀಲಿ-ಹಸಿರು ಪಾಚಿಯೂ ನಮ್ಮ ಗೊಬ್ಬರ-ಔಷಧಿಗಳೂ

ಬಿಸಿಲು ಬಲಿಯುತ್ತ ಬಂದಂತೆ ನಮ್ಮ ನಾಡಿನ ಅನೇಕ ಕೆರೆಗಳ ನೀರು ಇಳಿಯುತ್ತದೆ. ಹಾಗೆ ಇಳಿದು ನಿಂತ ನೀರಿನ ಮೇಲೆ, ಯಾರೋ ಹಸಿರು ಬಣ್ಣವನ್ನು ಕದಡಿ ಸುರಿದರೋ ಎಂಬಂತೆ ಒಂದು ಕೆನೆ ಕಟ್ಟುತ್ತದೆ. ದನಗಳಿಗೆ ನೀರು ಕುಡಿಸಲು ಬಂದವರು ಅದನ್ನು ಅತ್ತಿತ್ತ ಸರಿಸಿ, ‘ಪಾಚಿ ಕಟ್ಟಿದೆ’ ಎಂದು ಸುಮ್ಮನಾಗುತ್ತಾರೆ. ನಮ್ಮ ಆಡುಮಾತಿನಲ್ಲಿ ಪಾಚಿಗೆ ಗೌರವವಿಲ್ಲ. ಕಾಲು ಜಾರಿಸುವುದು ಪಾಚಿ, ಬಾವಿಯನ್ನು ಕೆಡಿಸುವುದು ಪಾಚಿ, ತೊಳೆಯದ ಹಂಡೆಯಲ್ಲಿ ಬೆಳೆಯುವುದು ಪಾಚಿ. ಆದರೆ ಈ ಪಾಚಿಗಳಲ್ಲಿ ಒಂದು ಕುಲವು ಬತ್ತದ ಗದ್ದೆಯಲ್ಲಿ ಕೂಲಿ ಕೇಳದೆ ದುಡಿಯುವ ಆಳೂ ಹೌದು, ಕುಡಿಯುವ ನೀರಿನಲ್ಲಿ ವಿಷ ಬೆರೆಸುವ ಹಗೆಯೂ ಹೌದು. ಅದು ಗೆಳೆಯನಾಗುವುದೋ ಹಗೆಯಾಗುವುದೋ ಎಂಬುದು ಬಹುಮಟ್ಟಿಗೆ ನಾವು ಹೊಲಗದ್ದೆಗಳಿಗೆ ಏನನ್ನು, ಎಷ್ಟು, ಯಾವಾಗ ಹಾಕುತ್ತೇವೆ ಎಂಬುದನ್ನು ಅವಲಂಬಿಸಿದೆ. ಒಕ್ಕಲುತನದ ಮನೆಗಳಷ್ಟೇ ಅಲ್ಲ, ಕೆರೆಯ ನೀರು ಕುಡಿಯುವ ಪ್ರತಿಯೊಂದು ಮನೆಯೂ ಈ ಸಂಗತಿಯನ್ನು ತಿಳಿದಿರುವುದು ಲೇಸೆಂದು ಭಾವಿಸಿ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಏನಿದು ನೀಲಿ-ಹಸಿರು ಪಾಚಿ?

ಹೆಸರಿನಲ್ಲಿ ಪಾಚಿ ಎಂದಿದ್ದರೂ ಇದು ನಿಜವಾದ ಪಾಚಿಯಲ್ಲ. ಇದು ಬ್ಯಾಕ್ಟೀರಿಯಗಳ ಕುಲಕ್ಕೆ ಸೇರಿದ ಜೀವಿ. ವಿಜ್ಞಾನಿಗಳು ಇದನ್ನು ‘ಸಯನೋಬ್ಯಾಕ್ಟೀರಿಯ’ ಎಂದು ಕರೆಯುತ್ತಾರೆ. ಗಿಡಮರಗಳಂತೆ ಇದೂ ಬಿಸಿಲನ್ನು ಬಳಸಿಕೊಂಡು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಭೂಮಿಯ ಅತಿ ಪ್ರಾಚೀನ ಜೀವಿಗಳಲ್ಲಿ ಇದೂ ಒಂದು. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಈ ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕವು ತುಂಬತೊಡಗಿದ್ದು ಇವುಗಳ ಉಸಿರಿನಿಂದಲೇ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಂದಮೇಲೆ ನಾವು ಇಂದು ಉಸಿರಾಡುತ್ತಿರುವುದೂ ಒಂದು ರೀತಿಯಲ್ಲಿ ಈ ಪಾಚಿಯ ಋಣವೇ.

ಇದಕ್ಕೆ ಮೂರು ವಿಶೇಷ ಶಕ್ತಿಗಳುಂಟು. ಮೊದಲನೆಯದು, ಇದರ ಕೆಲವು ಜಾತಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರವನ್ನಾಗಿ ಮಾರ್ಪಡಿಸಬಲ್ಲವು. ನಾಸ್ಟಾಕ್, ಅನಬೀನ, ಟಾಲಿಪೊತ್ರಿಕ್ಸ್, ಆಲೊಸೈರ ಮೊದಲಾದವು ಈ ಗುಂಪಿನವು. ಮಣಿಸರದಂತಿರುವ ಇವುಗಳ ಎಳೆಯಲ್ಲಿ ನಡುನಡುವೆ ದಪ್ಪ ಗೋಡೆಯ ಕೋಶಗಳಿರುತ್ತವೆ. ಇವುಗಳಿಗೆ ‘ಹೆಟೆರೊಸಿಸ್ಟ್’ ಎಂದು ಹೆಸರು. ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಆಮ್ಲಜನಕವೆಂದರೆ ಆಗದು. ಆದುದರಿಂದ ಈ ಕೋಶಗಳು ಗಾಳಿ ಹೊಗದ ಕಣಜದ ಹಾಗೆ ಬಾಗಿಲು ಮುಚ್ಚಿಕೊಂಡು ತಮ್ಮ ಕೆಲಸವನ್ನು ಮಾಡುತ್ತವೆ. ಎರಡನೆಯದು, ಅನೇಕ ಜಾತಿಗಳು ಮೈಯಲ್ಲಿ ಗಾಳಿಯ ಗುಳ್ಳೆಗಳನ್ನು ತುಂಬಿಕೊಂಡು ನೀರಿನಲ್ಲಿ ಮೇಲೇರಬಲ್ಲವು. ನಿಂತ ನೀರಿನಲ್ಲಿ ಬೇರೆ ಪಾಚಿಗಳು ತಳಕ್ಕಿಳಿದರೆ ಇವು ಮೇಲೆ ಬಂದು ಬಿಸಿಲನ್ನೆಲ್ಲ ತಾವೇ ಹೀರುತ್ತವೆ. ಮೂರನೆಯದು, ಕೆಲವು ಜಾತಿಗಳು ನೀರು ಬತ್ತಿದಾಗ ಬೀಜದಂತಹ ಗಟ್ಟಿ ಕೋಶಗಳಾಗಿ ಮಣ್ಣಿನಲ್ಲಿ ಕಾದಿದ್ದು, ಮತ್ತೆ ನೀರು ಬಂದೊಡನೆ ಚಿಗುರುತ್ತವೆ.

ಇವುಗಳೊಂದಿಗೆ ಒಂದು ಕೆಡುಕೂ ಇದೆ. ಮೈಕ್ರೊಸಿಸ್ಟಿಸ್ ಮೊದಲಾದ ಹಲವು ಜಾತಿಗಳು ತಮ್ಮೊಳಗೆ ವಿಷವನ್ನು ತಯಾರಿಸಬಲ್ಲವು. ಆ ಮಾತನ್ನು ಮುಂದೆ ನೋಡೋಣ.

ಗದ್ದೆಯ ಗೆಳೆಯ

ನಮ್ಮ ಹಿರಿಯರು ಬತ್ತದ ಗದ್ದೆಗೆ ಹೆಚ್ಚು ಗೊಬ್ಬರ ಹಾಕದೆಯೇ ವರ್ಷ ವರ್ಷವೂ ಒಂದು ಮಟ್ಟದ ಬೆಳೆಯನ್ನು ತೆಗೆಯುತ್ತಿದ್ದರು. ಅದೇ ಕಾಲದಲ್ಲಿ ಬೆದ್ದಲು ಹೊಲವು ಗೊಬ್ಬರವಿಲ್ಲದೆ ಬೇಗ ಬಡವಾಗುತ್ತಿತ್ತು. ನೀರು ನಿಂತ ಗದ್ದೆಗೆ ಸಾರಜನಕವು ಎಲ್ಲಿಂದ ಬರುತ್ತದೆಂಬುದು ಬಹುಕಾಲ ಒಗಟಾಗಿತ್ತು. ೧೯೩೯ರಲ್ಲಿ ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿಗಳು ತಮ್ಮ ಸಂಶೋಧನಾ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗದ್ದೆಯ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿಯೇ ಆ ದಾನಿ ಎಂದು ತೋರಿಸಿದರು. ಬಳಿಕ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಚೌಳು ನೆಲಗಳನ್ನು ಸುಧಾರಿಸಲು ಇದನ್ನು ಬಳಸುವ ಪ್ರಯೋಗ ನಡೆಸಿದರು. ಭಾರತದ ಬೇಸಾಯದಲ್ಲಿ ಈ ಪಾಚಿಯ ಪಾತ್ರವನ್ನು ಕುರಿತು ೧೯೬೧ರಲ್ಲಿ ಅವರ ದೊಡ್ಡ ಗ್ರಂಥವೇ ಪ್ರಕಟವಾಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಅವರು ರೈತರು ತಮ್ಮ ಹಿತ್ತಲಿನಲ್ಲಿಯೇ ಪಾಚಿಯನ್ನು ಬೆಳೆಸಿ ಗದ್ದೆಗೆ ಹಾಕುವ ಸುಲಭ ವಿಧಾನವನ್ನು ರೂಪಿಸಿದರು.

ಅನುಕೂಲವಾದ ಗದ್ದೆಯಲ್ಲಿ ಈ ಪಾಚಿಯು ಒಂದು ಬೆಳೆಗೆ ಹೆಕ್ಟೇರಿಗೆ ಸುಮಾರು ೨೫ ಕಿಲೋ ಸಾರಜನಕವನ್ನು ಒದಗಿಸುತ್ತದೆಂದು ಲೆಕ್ಕ. ಎಕರೆಗೆ ಹಿಡಿದರೆ ಸುಮಾರು ೧೦ ಕಿಲೋ. ಯೂರಿಯದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದರಿಂದ ೪೫ ಕಿಲೋ ಚೀಲವೊಂದರಲ್ಲಿ ೨೦.೭ ಕಿಲೋ ಇದ್ದಂತಾಯಿತು. ಅಂದರೆ ಎಕರೆಗೆ ಅರ್ಧ ಚೀಲ ಯೂರಿಯದಷ್ಟು ಗೊಬ್ಬರವು ಗಾಳಿಯಿಂದ ಬಿಟ್ಟಿಯಾಗಿ ದೊರೆಯುತ್ತದೆ. ಇದು ಪೂರ್ಣ ಬೆಳೆಗೆ ಸಾಲದು, ನಿಜ. ಆದರೆ ಪೇಟೆಯಿಂದ ತಾರದೆ ದೊರೆಯುವ ಈ ಅರ್ಧ ಚೀಲವನ್ನು ಕಳೆದುಕೊಳ್ಳುವುದು ಜಾಣತನವೂ ಅಲ್ಲ.

ಯೂರಿಯ ಮಾಡುವ ಕೆಲಸ

ಹಾಗಾದರೆ ನಾವು ಹಾಕುವ ಗೊಬ್ಬರವು ಈ ಗೆಳೆಯನನ್ನು ಏನು ಮಾಡುತ್ತದೆ? ಕೊಲ್ಲುವುದಿಲ್ಲ, ಸೋಮಾರಿಯನ್ನಾಗಿ ಮಾಡುತ್ತದೆ. ನೀರಿನಲ್ಲಿ ಸಿದ್ಧ ಸಾರಜನಕವು, ಅದರಲ್ಲಿಯೂ ಯೂರಿಯದಿಂದ ಹುಟ್ಟುವ ಅಮೋನಿಯವು ಧಾರಾಳವಾಗಿ ದೊರೆತರೆ ಪಾಚಿಯ ಎಳೆಯಲ್ಲಿ ಹೆಟೆರೊಸಿಸ್ಟ್ ಕೋಶಗಳು ಮೂಡುವುದೇ ನಿಂತುಹೋಗುತ್ತದೆ. ಕುಳಿತಲ್ಲಿಗೇ ಊಟ ಬರುವಾಗ ಒಲೆ ಹಚ್ಚುವವರಾರು? ಗಾಳಿಯಿಂದ ಸಾರಜನಕವನ್ನು ಹಿಡಿಯಲು ಬಹಳ ಶಕ್ತಿ ವ್ಯಯವಾಗುತ್ತದೆ. ಆದುದರಿಂದ ಬೇಡವಾದಾಗ ಪಾಚಿಯು ಆ ಕೆಲಸವನ್ನು ಕೈಬಿಡುತ್ತದೆ.

ಇಷ್ಟೇ ಅಲ್ಲ. ಯೂರಿಯವನ್ನು ನಿಂತ ನೀರಿನ ಮೇಲೆ ಎರಚಿದಾಗ ಸಾಮಾನ್ಯ ಹಸಿರು ಪಾಚಿಗಳು ಕೊಬ್ಬಿ ಬೆಳೆಯುತ್ತವೆ. ಇವು ಸಾರಜನಕವನ್ನು ಹಿಡಿಯಲಾರವು, ಇದ್ದುದನ್ನು ತಿನ್ನಬಲ್ಲವು. ಹೀಗೆ ದುಡಿಯುವ ಕುಲವನ್ನು ತಿನ್ನುವ ಕುಲವು ಹಿಂದಕ್ಕೆ ತಳ್ಳುತ್ತದೆ. ಮೇಲಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರು ಕ್ಷಾರವಾಗುತ್ತದೆ. ಕ್ಷಾರವಾದ ನೀರಿನಿಂದ ಅಮೋನಿಯವು ಆವಿಯಾಗಿ ಗಾಳಿಗೆ ಹಾರಿಹೋಗುತ್ತದೆ. ಬತ್ತದ ಗದ್ದೆಗೆ ಎರಚಿದ ಯೂರಿಯದಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರನೆಯ ಒಂದು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಉಳಿದುದು ಗಾಳಿಗೆ, ಕಾಲುವೆಗೆ, ಅಂತರ್ಜಲಕ್ಕೆ. ಹೀಗೆ ಬಿಟ್ಟಿ ಬರುತ್ತಿದ್ದ ಗೊಬ್ಬರವೂ ನಿಂತಿತು, ಹಣ ಕೊಟ್ಟು ತಂದ ಗೊಬ್ಬರವೂ ಸೋರಿತು.

ಅದೇ ಯೂರಿಯವನ್ನು ನೀರಿನ ಮೇಲೆ ಎರಚದೆ ಮಣ್ಣಿನೊಳಗೆ ಆಳವಾಗಿ ಹುದುಗಿಸಿದರೆ ಈ ಎರಡೂ ನಷ್ಟಗಳು ತಗ್ಗುತ್ತವೆ. ಬೇರಿಗೆ ಗೊಬ್ಬರ ದೊರೆಯುತ್ತದೆ. ಮೇಲಿನ ನೀರಿನಲ್ಲಿ ಸಾರಜನಕವು ಕಡಿಮೆಯಿರುವುದರಿಂದ ನೀಲಿ-ಹಸಿರು ಪಾಚಿಯು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಗೊಬ್ಬರ ಒಂದೇ, ಹಾಕುವ ರೀತಿಯಿಂದ ಫಲ ಬೇರೆ.

‘ಔಷಧಿ’ ಎಂಬ ಹೆಸರಿನ ವಿಷ

ನಮ್ಮ ಹಳ್ಳಿಗಳಲ್ಲಿ ಕೀಟನಾಶಕವನ್ನೂ ಕಳೆನಾಶಕವನ್ನೂ ‘ಔಷಧಿ’ ಎಂದೇ ಕರೆಯುವುದು ರೂಢಿ. ‘ಔಷಧಿ ಹೊಡೆಯುವುದು’ ಎಂದರೆ ಯಾವುದನ್ನು ಹೊಡೆಯುವುದು ಎಂದು ನಾವು ಯೋಚಿಸುವುದಿಲ್ಲ.

ಪಾಚಿಯ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದುದು ಕಳೆನಾಶಕ. ಡೈಯುರಾನ್, ಅಟ್ರಜಿನ್ ಮೊದಲಾದವು ಕಳೆಯ ಎಲೆಯಲ್ಲಿ ಬಿಸಿಲಿನಿಂದ ಆಹಾರ ತಯಾರಿಸುವ ಯಂತ್ರವನ್ನೇ ನಿಲ್ಲಿಸಿ ಅದನ್ನು ಕೊಲ್ಲುತ್ತವೆ. ಆದರೆ ಅದೇ ಯಂತ್ರ ನೀಲಿ-ಹಸಿರು ಪಾಚಿಯಲ್ಲಿಯೂ ಇದೆ. ವಾಸ್ತವವಾಗಿ ಗಿಡಮರಗಳಿಗೆ ಆ ಯಂತ್ರ ಬಂದುದೇ ಈ ಪಾಚಿಯ ಪೂರ್ವಜರಿಂದ. ಕಳೆಗೆ ಇಟ್ಟ ಗುರಿ ಪಾಚಿಗೂ ತಾಗುವುದರಲ್ಲಿ ಆಶ್ಚರ್ಯವಿಲ್ಲ. ಬತ್ತದ ಗದ್ದೆಗೆ ಬಳಸುವ ಪ್ರೊಪಾನಿಲ್ ಪಾಚಿಗೆ ಬಹಳ ಕಟುವಾದುದು. ನಮ್ಮಲ್ಲಿ ನಾಟಿಯ ನಂತರ ಹಾಕುವ ಬ್ಯುಟಾಕ್ಲೋರಿನ ವಿಷಯದಲ್ಲಿ ಪ್ರಮಾಣವೇ ಮುಖ್ಯ. ಪ್ರಮಾಣ ಮೀರಿದಂತೆ ಪಾಚಿಯ ಬೆಳವಣಿಗೆಯೂ ಸಾರಜನಕ ಹಿಡಿಯುವ ಶಕ್ತಿಯೂ ಕುಂದುತ್ತವೆ. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ನೀಲಿ-ಹಸಿರು ಪಾಚಿಯ ಹಲವು ಜಾತಿಗಳು ತಡೆದುಕೊಳ್ಳಬಲ್ಲವು. ಇದರಿಂದ ನಾಜೂಕಾದ ಪಾಚಿಗಳು ಸಾಯುವಲ್ಲಿ ಗಟ್ಟಿಯಾದವು ಉಳಿದು ಜಾಗ ಹಿಡಿಯುವ ಸಂಭವವಿದೆ.

ಕೀಟನಾಶಕದ ಕಥೆ ವಿಚಿತ್ರವಾದುದು. ಶಿಫಾರಸು ಮಾಡಿದ ಪ್ರಮಾಣದಲ್ಲಿ ಬಳಸಿದಾಗ ಅನೇಕ ಕೀಟನಾಶಕಗಳು ಪಾಚಿಗೆ ನೇರವಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ಕೆಲವು ಸಲ ಪಾಚಿಯು ಮೊದಲಿಗಿಂತ ಹುಲುಸಾಗಿಯೇ ಬೆಳೆಯುತ್ತದೆ. ಬಿ.ಎಚ್.ಸಿ. ಎಂಬ ಕೀಟನಾಶಕದ ಪ್ರಧಾನ ಅಂಶವು ಬತ್ತದ ಮಣ್ಣಿನಲ್ಲಿ ಪಾಚಿಯನ್ನು ಹೆಚ್ಚಿಸಿತೆಂದು ರಘು ಮತ್ತು ಮ್ಯಾಕ್‌ರೇ ಎಂಬ ವಿಜ್ಞಾನಿಗಳು ೧೯೬೭ರಲ್ಲಿ ಪ್ರಕಟಿಸಿದರು. ವಿಷ ಹಾಕಿದರೆ ಬೆಳೆ ಹೆಚ್ಚುವುದು ಹೇಗೆ? ಗದ್ದೆಯ ನೀರಿನಲ್ಲಿ ಪಾಚಿಯನ್ನು ಮೇಯುವ ಸಣ್ಣ ಚಿಪ್ಪಿನ ಹುಳುಗಳೂ ಸೊಳ್ಳೆಯ ಮರಿಗಳೂ ಇರುತ್ತವೆ. ಕೀಟನಾಶಕವು ಈ ಮೇಯುವ ಪ್ರಾಣಿಗಳನ್ನು ಕೊಲ್ಲುತ್ತದೆ. ಕುರಿ ಸತ್ತ ಬೆಟ್ಟದಲ್ಲಿ ಹುಲ್ಲು ಬೆಳೆದಂತೆ ಪಾಚಿಯು ಬೆಳೆಯುತ್ತದೆ.

ಇದನ್ನು ಕೇಳಿ ಸಂತೋಷಪಡುವಂತಿಲ್ಲ. ಗದ್ದೆಯಲ್ಲಿ ಲಾಭವೆಂದು ತೋರುವ ಈ ಸಂಗತಿಯೇ ಕೆರೆಯಲ್ಲಿ ಅಪಾಯವಾಗುತ್ತದೆ. ಕೆರೆಯ ನೀರನ್ನು ತಿಳಿಯಾಗಿಡುವ ಸೂಕ್ಷ್ಮ ನೀರುಹುಳುಗಳು ಕೀಟನಾಶಕದಿಂದ ನಾಶವಾದರೆ ಪಾಚಿಗೆ ಹೇಳುವವರು ಕೇಳುವವರು ಇಲ್ಲದಂತಾಗುತ್ತದೆ. ಇನ್ನು ಬಿ.ಎಚ್.ಸಿ.ಯ ಹಾನಿ ಪಾಚಿಗಿಂತ ಬಹುದೂರ ಹರಡಿತ್ತು. ಬಹುಕಾಲ ಕರಗದೆ ಮಣ್ಣಿನಲ್ಲಿಯೂ ಪ್ರಾಣಿಗಳ ಕೊಬ್ಬಿನಲ್ಲಿಯೂ ಸೇರುತ್ತಿದ್ದ ಅದನ್ನು ನಮ್ಮ ದೇಶದಲ್ಲಿ ೧೯೯೭ರಲ್ಲಿ ನಿಷೇಧಿಸಲಾಯಿತು. ಅದರ ಶುದ್ಧ ರೂಪವಾದ ಲಿಂಡೇನಿನ ಬಳಕೆಯೂ ೨೦೧೩ರಲ್ಲಿ ನಿಂತಿತು.

ತಾಮ್ರವನ್ನೂ ಇಲ್ಲಿ ಹೇಳಬೇಕು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಹೊಡೆಯುತ್ತಾರೆ. ಹಿಂದಿನ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಈ ದ್ರಾವಣದ ಬಳಕೆಯನ್ನು ಪ್ರಚಾರಕ್ಕೆ ತಂದರು. ಅದರಿಂದ ತೋಟಗಳು ಉಳಿದವು. ಆದರೆ ತಾಮ್ರವು ನೀಲಿ-ಹಸಿರು ಪಾಚಿಗೆ ಬಹಳ ಸಣ್ಣ ಪ್ರಮಾಣದಲ್ಲಿಯೂ ವಿಷ. ಅದು ಯೂರಿಯದಂತೆ ಆವಿಯಾಗಿ ಹೋಗದೆ ಮಣ್ಣಿನಲ್ಲಿಯೇ ಉಳಿಯುತ್ತದೆ. ತೋಟದ ನೀರು ಕೆಳಗಿನ ಗದ್ದೆಗೆ ಇಳಿಯುವ ಕಡೆಗಳಲ್ಲಿ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಪಾಚಿಯನ್ನು ಕೊಲ್ಲುವ ಅದೇ ಪ್ರಮಾಣವು ಗದ್ದೆಯಲ್ಲಿ ಅಷ್ಟು ಕೆಡುಕನ್ನು ಮಾಡದಿರಬಹುದು. ಮಣ್ಣು ಸ್ವಲ್ಪ ವಿಷವನ್ನು ಹಿಡಿದಿಡುತ್ತದೆ, ಬಿಸಿಲು ಸ್ವಲ್ಪವನ್ನು ಒಡೆಯುತ್ತದೆ, ಇತರ ಸೂಕ್ಷ್ಮಜೀವಿಗಳು ಸ್ವಲ್ಪವನ್ನು ತಿನ್ನುತ್ತವೆ. ಆದುದರಿಂದ ಎಲ್ಲ ರಾಸಾಯನಿಕವೂ ಎಲ್ಲೆಡೆಯೂ ಸರ್ವನಾಶವೆಂದು ಹೇಳುವುದು ಸರಿಯಲ್ಲ. ಆದರೆ ಚೀಟಿಯಲ್ಲಿ ಬರೆದ ಪ್ರಮಾಣಕ್ಕೆ ‘ಇನ್ನೊಂದು ಮುಚ್ಚಳ ಹೆಚ್ಚಿಗೆ ಇರಲಿ’ ಎಂದು ಸೇರಿಸುವ ಅಭ್ಯಾಸವಿರುವೆಡೆ ಈ ರಕ್ಷಣೆ ಸಾಲದಾಗುತ್ತದೆ.

ನೀರು ಕೆರೆಗೆ ಇಳಿದಾಗ

ಗದ್ದೆಯಲ್ಲಿ ಉಳಿದುದು ಮಳೆಯೊಡನೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಬರುತ್ತದೆ. ಇಲ್ಲಿ ಮುಖ್ಯ ಪಾತ್ರ ರಂಜಕದ್ದು. ಡಿ.ಎ.ಪಿ., ಸೂಪರ್ ಫಾಸ್ಫೇಟ್ ಮೊದಲಾದವುಗಳ ಮೂಲಕ ನಾವು ಹೊಲಕ್ಕೆ ರಂಜಕವನ್ನು ಕೊಡುತ್ತೇವೆ. ಅದು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಮಣ್ಣು ಕೊಚ್ಚಿಹೋದಾಗ ತಾನೂ ಜೊತೆಗೆ ಹೋಗುತ್ತದೆ. ಒಂದು ಭಾಗವು ನೀರಿನಲ್ಲಿ ಕರಗಿಯೂ ಹರಿಯುತ್ತದೆ.

ಸಿಹಿನೀರಿನ ಕೆರೆಗಳಲ್ಲಿ ಪಾಚಿಯ ಅತಿಬೆಳವಣಿಗೆಗೆ ರಂಜಕವು ಎಷ್ಟು ಕಾರಣವೆಂಬುದನ್ನು ಕೆನಡಾ ದೇಶದ ಒಂದು ಪ್ರಯೋಗ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಒಂಟೇರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಲ್ಲಿ ೨೨೬ನೆಯ ಕೆರೆಯನ್ನು ೧೯೭೩ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಪರದೆಯಿಂದ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ ಎರಡನ್ನು ಮಾತ್ರ ಕೊಟ್ಟರು. ಇನ್ನೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಕೊಟ್ಟರು. ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಎರಡನೆಯದು ನೀಲಿ-ಹಸಿರು ಪಾಚಿಯಿಂದ ಹಸಿರುಗಟ್ಟಿತು. ವಿಮಾನದಿಂದ ತೆಗೆದ ಅದರ ಚಿತ್ರವು ಪ್ರಕಟವಾದ ಮೇಲೆ ಸಂದೇಹಪಡುವವರು ಕಡಿಮೆಯಾದರು.

ಪಾಚಿಯ ಒಣ ತೂಕದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ರಂಜಕವಿರುತ್ತದೆ. ಆದುದರಿಂದ ಒಂದು ಕಿಲೋ ರಂಜಕವು ಕೆರೆಗೆ ಸೇರಿದರೆ ನೂರು ಕಿಲೋ ಒಣ ಪಾಚಿಗೆ ಸಾಕಾಗುತ್ತದೆ; ಹಸಿ ತೂಕದಲ್ಲಿ ಅದರ ಹಲವು ಪಟ್ಟು. ೫೦ ಕಿಲೋ ಡಿ.ಎ.ಪಿ. ಚೀಲದಲ್ಲಿ ಸುಮಾರು ಹತ್ತು ಕಿಲೋ ರಂಜಕವಿದೆ ಎಂದರೆ ಹೊಲದಿಂದ ಸೋರುವ ಸ್ವಲ್ಪವೂ ಕೆರೆಗೆ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಸಾರಜನಕವೂ ನಿರಪರಾಧಿಯಲ್ಲ. ವಿಷಕಾರಿಯಾದ ಮೈಕ್ರೊಸಿಸ್ಟಿಸ್ ಜಾತಿಯು ಗಾಳಿಯಿಂದ ಸಾರಜನಕವನ್ನು ಹಿಡಿಯಲಾರದು. ಆದುದರಿಂದ ಗದ್ದೆಗಳಿಂದ ಬರುವ ಯೂರಿಯ, ಅಮೋನಿಯಗಳು ಅದಕ್ಕೆ ಹಬ್ಬದೂಟ. ಗದ್ದೆಯಲ್ಲಿ ದುಡಿಯುವ ಪಾಚಿಯನ್ನು ಸೋಮಾರಿ ಮಾಡಿದ ಅದೇ ಯೂರಿಯವು ಕೆರೆಯಲ್ಲಿ ವಿಷದ ಪಾಚಿಯನ್ನು ಕೊಬ್ಬಿಸುತ್ತದೆ. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ ಎಂದರೂ ಸಲ್ಲುತ್ತದೆ. ಇದಕ್ಕೆ ಬೇಸಿಗೆಯ ಬಿಸಿಯೂ ಹರಿವಿಲ್ಲದ ನೀರೂ ಸೇರಿದರೆ ಪಾಚಿಯ ಕೆನೆ ಕಟ್ಟಲು ಇನ್ನೇನೂ ಬೇಕಿಲ್ಲ.

ವಿಷದ ದೃಷ್ಟಾಂತಗಳು

ಪಾಚಿಯ ವಿಷ ಹೊಸತಲ್ಲ. ೧೮೭೮ರಲ್ಲಿಯೇ ಜಾರ್ಜ್ ಫ್ರಾನ್ಸಿಸ್ ಎಂಬವರು ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನ ಸರೋವರದಲ್ಲಿ ಇಂತಹ ಕೆನೆ ಕಟ್ಟಿದ ನೀರನ್ನು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತುದನ್ನು ಬರೆದಿದ್ದಾರೆ. ಆಗ ಅಲ್ಲಿ ಇಂದಿನಂತಹ ರಾಸಾಯನಿಕ ಗೊಬ್ಬರಗಳಿರಲಿಲ್ಲ. ಪ್ರಕೃತಿಯಲ್ಲಿ ಅಪರೂಪಕ್ಕೆ ಆಗುತ್ತಿದ್ದುದನ್ನು ಗೊಬ್ಬರ ಮತ್ತು ಕೊಳಚೆ ನೀರುಗಳು ಅನೇಕ ಕೆರೆಗಳಲ್ಲಿ ವರ್ಷ ವರ್ಷದ ಸಂಗತಿಯನ್ನಾಗಿ ಮಾಡಿವೆ ಎಂಬುದೇ ವ್ಯತ್ಯಾಸ.

೨೦೦೭ರಲ್ಲಿ ಚೀನ ದೇಶದ ತಾಯ್‌ಹು ಸರೋವರವು ಪಾಚಿಯಿಂದ ಕೊಳೆತು ವೂಶಿ ನಗರದ ಸುಮಾರು ೨೦ ಲಕ್ಷ ಜನರಿಗೆ ಕುಡಿಯುವ ನೀರಿಲ್ಲದಂತಾಯಿತು. ೨೦೧೪ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರಿಗೆ ‘ನಲ್ಲಿಯ ನೀರನ್ನು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ’ ಎಂದು ಸಾರಲಾಯಿತು. ಆ ನಗರಕ್ಕೆ ನೀರು ಬರುವುದು ಈರಿ ಸರೋವರದಿಂದ. ಮಾಮಿ ಎಂಬ ನದಿಯು ಹೊಲಗಳ ರಂಜಕವನ್ನು ಹೊತ್ತು ಆ ಸರೋವರಕ್ಕೆ ಸುರಿಯುತ್ತದೆ. ಹಣಕ್ಕೂ ವಿಜ್ಞಾನಕ್ಕೂ ಕೊರತೆಯಿಲ್ಲದ ದೇಶವೇ ಮೂರು ದಿನ ಬಾಟಲಿಯ ನೀರಿಗಾಗಿ ಸಾಲು ನಿಲ್ಲಬೇಕಾಯಿತು. ೨೦೨೦ರಲ್ಲಿ ಆಫ್ರಿಕದ ಬೋಟ್ಸ್ವಾನ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿಯ ಸರಕಾರವು ನೀರುಗುಂಡಿಗಳಲ್ಲಿ ಬೆಳೆದ ಈ ಪಾಚಿಯ ವಿಷವೇ ಕಾರಣವೆಂದು ಪ್ರಕಟಿಸಿತು.

ಇವೆಲ್ಲಕ್ಕಿಂತ ಹೆಚ್ಚಿನ ಪಾಠವಿರುವುದು ಆಸ್ಟ್ರೇಲಿಯದ ಪಾಮ್ ದ್ವೀಪದ ಪ್ರಸಂಗದಲ್ಲಿ. ೧೯೭೯ರಲ್ಲಿ ಅಲ್ಲಿಯ ಜಲಾಶಯದಲ್ಲಿ ಪಾಚಿ ಬೆಳೆದು ನೀರು ರುಚಿಗೆಟ್ಟಿತು. ಪಾಚಿಯನ್ನು ಕೊಲ್ಲಲೆಂದು ಅಧಿಕಾರಿಗಳು ಮೈಲುತುತ್ತ ಹಾಕಿಸಿದರು. ಪಾಚಿ ಸತ್ತಿತು, ಆದರೆ ಸತ್ತ ಪಾಚಿಯ ಮೈ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಸೇರಿತು. ೧೪೮ ಜನ ಹಾಸಿಗೆ ಹಿಡಿದರು; ಅವರಲ್ಲಿ ೧೩೮ ಮಂದಿ ಮಕ್ಕಳು. ಕುಡಿಯುವ ನೀರಿನ ಕೆರೆಗೋ ಬಾವಿಗೋ ಪಾಚಿ ಬಂದೊಡನೆ ಮೈಲುತುತ್ತದ ಪೊಟ್ಟಣ ಹಿಡಿದು ಹೊರಡುವವರು ಈ ಸಂಗತಿಯನ್ನು ಮರೆಯಬಾರದು.

ನಮ್ಮ ಕೆರೆಗಳ ಮಾತು

ನಮ್ಮ ನಾಡು ಕೆರೆಗಳ ನಾಡು. ಏರಿ ಕಟ್ಟಿ, ತೂಬಿಟ್ಟು, ಕೋಡಿ ಬಿಟ್ಟು, ನೀರುಗಂಟಿಯನ್ನು ನೇಮಿಸಿ ನೀರನ್ನು ಆಳಿದ ಜನ ನಮ್ಮವರು. ಇಂದು ಅದೇ ಕೆರೆಗಳು ಹಸಿರುಗಟ್ಟುತ್ತಿರುವುದಕ್ಕೆ ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಪೇಟೆಪಟ್ಟಣಗಳ ಕೊಳಚೆ, ಬಚ್ಚಲಿನ ನೀರು, ಬಟ್ಟೆ ತೊಳೆಯುವ ಪುಡಿ, ಕಾರ್ಖಾನೆಗಳ ಹೊಲಸು ಎಲ್ಲವೂ ಕೆರೆಗೆ ರಂಜಕವನ್ನೂ ಸಾರಜನಕವನ್ನೂ ತಂದು ಸುರಿಯುತ್ತವೆ. ಬೆಂಗಳೂರಿನಂತಹ ನಗರದ ಕೆರೆಗಳ ದುರವಸ್ಥೆಗೆ ಹೊಲದ ಗೊಬ್ಬರಕ್ಕಿಂತ ನಗರದ ಕೊಳಚೆಯೇ ಪ್ರಬಲ ಕಾರಣ. ಆದರೆ ಹಳ್ಳಿಯ ಕೆರೆಯ ಸುತ್ತ ಇರುವುದು ನಮ್ಮ ಹೊಲಗಳು. ಅಲ್ಲಿಯ ಹೊಣೆ ನಮ್ಮದು.

ಹಿರಿಯರ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡನ್ನು ತುಂಬಿ ತಂದು ಹೊಲಕ್ಕೆ ಹರಡುತ್ತಿದ್ದರು. ಹೂಳೆತ್ತಿದರೆ ಕೆರೆ ಆಳವಾಗುತ್ತದೆ, ಗೋಡು ಬಿದ್ದರೆ ಹೊಲ ಫಲವತ್ತಾಗುತ್ತದೆ ಎಂದು ಅವರು ಬಲ್ಲರು. ರಂಜಕವು ಹೂಳಿಗೆ ಅಂಟಿಕೊಂಡಿರುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಹೊಲದಿಂದ ಕೆರೆಗೆ ಹೋದ ರಂಜಕವನ್ನು ಮರಳಿ ಹೊಲಕ್ಕೆ ತರುವುದೂ, ಪಾಚಿಯ ಬಾಯಿಂದ ಅದನ್ನು ತಪ್ಪಿಸುವುದೂ ಈ ಒಂದೇ ಕೆಲಸದಿಂದ ಆಗುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ಗೋಡು ಹೊರುವವರು ಕಡಿಮೆಯಾದರು. ಹೂಳು ಅಲ್ಲಿಯೇ ಉಳಿಯಿತು. ತಳದ ಹೂಳಿನಿಂದ ಬೇಸಿಗೆಯಲ್ಲಿ ರಂಜಕವು ಮತ್ತೆ ನೀರಿಗೆ ಬಿಡುಗಡೆಯಾಗುವುದರಿಂದ, ಗೊಬ್ಬರ ಹಾಕುವುದನ್ನು ನಿಲ್ಲಿಸಿದರೂ ಕೆರೆ ತಕ್ಷಣ ತಿಳಿಯಾಗದು.

ನಾವು ಮಾಡಬಹುದಾದುದು

ಮೊದಲು ಹೊಲದ ಮಾತು. ಮಣ್ಣು ಪರೀಕ್ಷೆ ಮಾಡಿಸದೆ ಪ್ರತಿ ವರ್ಷವೂ ಡಿ.ಎ.ಪಿ. ಸುರಿಯುವುದನ್ನು ಬಿಡಬೇಕು. ಮಣ್ಣಿನಲ್ಲಿ ಈಗಾಗಲೇ ರಂಜಕವಿದ್ದರೆ ಹೆಚ್ಚಿಗೆ ಹಾಕಿದುದು ಕೆರೆಗೆ ಕೊಟ್ಟ ಕಾಣಿಕೆಯಾದೀತು. ಯೂರಿಯವನ್ನು ಒಮ್ಮೆಗೇ ಹಾಕದೆ ಕಂತುಗಳಲ್ಲಿ, ಸಾಧ್ಯವಾದಷ್ಟು ಮಣ್ಣಿನೊಳಗೆ ಸೇರುವಂತೆ ಕೊಡಬೇಕು. ಗೊಬ್ಬರ ಹಾಕಿದ ಬಳಿಕ ಕೆಲವು ದಿನ ಗದ್ದೆಯ ನೀರನ್ನು ಹೊರಗೆ ಬಿಡಬಾರದು; ಮಳೆ ಕವಿದಿರುವಾಗ ಗೊಬ್ಬರವನ್ನೂ ಔಷಧಿಯನ್ನೂ ಹಾಕಬಾರದು. ಬದುವಿನ ಮೇಲೂ ಹಳ್ಳದ ಅಂಚಿನಲ್ಲೂ ಹುಲ್ಲಿನ ಪಟ್ಟಿಯನ್ನು ಉಳಿಸಿದರೆ ಅದು ಕೊಚ್ಚಿಬರುವ ಮಣ್ಣನ್ನು ತಡೆಯುತ್ತದೆ. ಕೊಟ್ಟಿಗೆ ಗೊಬ್ಬರ, ಹೊಂಗೆಯ ಸೊಪ್ಪು, ಸೆಣಬು ಮೊದಲಾದ ಹಸಿರೆಲೆ ಗೊಬ್ಬರಗಳಿಗೆ ಮತ್ತೆ ಸ್ಥಾನ ಕೊಡಬೇಕು. ಸಾಲು ನಾಟಿ ಮಾಡಿ ಕೈಯಿಂದ ನಡೆಸುವ ಕಳೆಯಂತ್ರವನ್ನು ಬಳಸಿದರೆ ಕಳೆನಾಶಕದ ಅಗತ್ಯವು ಬಹಳ ಕಡಿಮೆಯಾಗುತ್ತದೆ. ಔಷಧಿ ಹೊಡೆಯುವ ಪಂಪನ್ನೂ ಖಾಲಿ ಡಬ್ಬಿಗಳನ್ನೂ ಕೆರೆಯಲ್ಲಿ, ಕಾಲುವೆಯಲ್ಲಿ ತೊಳೆಯುವುದನ್ನು ಇಂದೇ ನಿಲ್ಲಿಸಬಹುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಗೆಳೆಯನಾದ ಪಾಚಿಯನ್ನು ಮನೆಯಲ್ಲಿಯೇ ಬೆಳೆಸಬಹುದು. ಬಿಸಿಲು ಬೀಳುವಲ್ಲಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಆಳವಿಲ್ಲದ ತೊಟ್ಟಿಯನ್ನೋ, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯನ್ನೋ ಸಿದ್ಧಪಡಿಸಿ, ೮ರಿಂದ ೧೦ ಕಿಲೋ ಮಣ್ಣು, ೨೦೦ ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ, ಗೇಣಿಗಿಂತ ಕಡಿಮೆ ನೀರು ನಿಲ್ಲಿಸಬೇಕು. ಮಣ್ಣು ತಳಕ್ಕಿಳಿದ ಮೇಲೆ ಕೃಷಿ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಕೇಂದ್ರಗಳಿಂದ ತಂದ ಪಾಚಿಯ ಹೆಪ್ಪನ್ನು ಉದುರಿಸಬೇಕು. ಎರಡು ಮೂರು ವಾರಗಳಲ್ಲಿ ದಟ್ಟ ಪದರ ಕಟ್ಟುತ್ತದೆ. ನೀರನ್ನು ಒಣಗಲು ಬಿಟ್ಟರೆ ಹಪ್ಪಳದಂತೆ ಏಳುವ ಚಕ್ಕೆಗಳನ್ನು ಕೂಡಿಟ್ಟು, ನಾಟಿಯಾದ ಒಂದು ವಾರದ ನಂತರ ಹೆಕ್ಟೇರಿಗೆ ೧೦ ಕಿಲೋದಂತೆ ನಿಂತ ನೀರಿನಲ್ಲಿ ಎರಚಬೇಕು. ಹುಳಿ ಮಣ್ಣಿನ ಗದ್ದೆಗಳಿಗೆ ಇದು ಅಷ್ಟಾಗಿ ಒಗ್ಗದು. ತಟಸ್ಥ ಅಥವಾ ಸ್ವಲ್ಪ ಕ್ಷಾರಗುಣದ ಮಣ್ಣು ಇದಕ್ಕೆ ಹಿತ. ಫಲವೂ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಮೊದಲು ಒಂದು ಮಡಿಯಲ್ಲಿ ಮಾಡಿ ನೋಡಿ, ಬಳಿಕ ವಿಸ್ತರಿಸುವುದು ಯುಕ್ತ.

ಇನ್ನು ಮನೆಯ ಮಾತು. ಕೆರೆಯ ಹಸಿರನ್ನು ಕೋಲಿನಿಂದ ಎತ್ತಿದಾಗ ಎಳೆ ಎಳೆಯಾಗಿ ನೇತಾಡಿದರೆ ಅದು ಸಾಮಾನ್ಯವಾಗಿ ಸಾಧಾರಣ ಪಾಚಿ. ಕೋಲಿಗೆ ಬಣ್ಣ ಬಳಿದಂತೆ ಅಂಟಿದರೆ ನೀಲಿ-ಹಸಿರು ಪಾಚಿಯಿರುವ ಸಂಭವ ಹೆಚ್ಚು. ಆದರೆ ಅದರಲ್ಲಿ ವಿಷವಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಆದುದರಿಂದ ಕೆನೆ ಕಟ್ಟಿದ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಮೈಕ್ರೊಸಿಸ್ಟಿನ್ ಎಂಬ ಈ ವಿಷ ನಾಶವಾಗುವುದಿಲ್ಲ. ಅದು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೮ರಲ್ಲಿ ಮಿತಿ ಹಾಕಿತು. ಮಕ್ಕಳನ್ನು ಅಂತಹ ನೀರಿನಲ್ಲಿ ಈಜಲು ಬಿಡಬಾರದು. ದನಕರುಗಳನ್ನು ಬೇರೆ ನೀರಿಗೆ ಕರೆದೊಯ್ಯಬೇಕು. ಅಂತಹ ನೀರು ಕುಡಿದ ಬಳಿಕ ವಾಂತಿ, ಭೇದಿ, ಹೊಟ್ಟೆನೋವು ಕಂಡರೆ ವೈದ್ಯರಿಗೆ ನೀರಿನ ಸಂಗತಿಯನ್ನೂ ತಿಳಿಸಬೇಕು.

ಈ ಎಲ್ಲ ಕೆಲಸಗಳಲ್ಲಿ ಒಬ್ಬರ ಶ್ರಮ ಸಾಲದು. ಒಬ್ಬನು ಬದುವಿನ ಹುಲ್ಲನ್ನು ಉಳಿಸಿ, ಮೇಲಿನ ಹೊಲದವನು ಗೊಬ್ಬರದ ನೀರನ್ನು ಹಳ್ಳಕ್ಕೆ ಬಿಟ್ಟರೆ ಕೆರೆ ಉಳಿಯದು. ಕೆರೆಯ ಹೂಳೆತ್ತುವುದು, ಗೋಡು ಹಂಚಿಕೊಳ್ಳುವುದು, ಹಳ್ಳದ ಅಂಚನ್ನು ಕಾಯುವುದು ಇವೆಲ್ಲ ಊರೊಟ್ಟಿನ ಕಾಯಕ. ಗ್ರಾಮದ ಹಿರಿಯರು, ಪಂಚಾಯಿತಿಯವರು, ತರುಣ ಸಂಘದವರು ಒಂದು ದಿನ ಕೆರೆಯ ಏರಿಯ ಮೇಲೆ ಕೂಡಿ ಕುಳಿತು, ಯಾವ ಯಾವ ಹೊಲದ ನೀರು ಎಲ್ಲಿಂದ ಕೆರೆಗೆ ಇಳಿಯುತ್ತದೆಂದು ನೋಡಿಕೊಂಡರೆ ಅದೇ ಮೊದಲ ಹೆಜ್ಜೆಯಾದೀತು. ಬರುವ ಮುಂಗಾರಿಗೆ ಮುನ್ನ ಆ ಕೆಲಸ ನಮ್ಮ ನಮ್ಮ ಊರುಗಳಲ್ಲಿ ನಡೆಯಲೆಂದು ಹಾರೈಸುತ್ತೇವೆ.